ಬೊಬ್ರುವಾಡದ ಹುಳದ ಡಾಕ್ಟರು

ಸಾವಿನ ಸುದ್ದಿಗೆ ಪತ್ರಿಕೆಯಲ್ಲಿ ಒಂದು ಅಳತೆಯಿದೆ. ಹೆಸರು, ವಯಸ್ಸು, ಊರು, ಹಿಂದೆ ಉಳಿದವರು. ಇಷ್ಟಿದ್ದರೆ ಸುದ್ದಿ ಪೂರ್ತಿ. ಈ ಡಾಕ್ಟರು ತೀರಿಕೊಂಡ ಸುದ್ದಿ ನನ್ನ ಮೇಜಿಗೆ ಬಂದಾಗ ಅದರಲ್ಲಿ ಹೆಸರಿತ್ತು, ಊರಿತ್ತು. ವಯಸ್ಸಿನ ಜಾಗದಲ್ಲಿ ಕಳಿಸಿದವರು ‘ವೃದ್ಧರು’ ಎಂದಷ್ಟೇ ಬರೆದಿದ್ದರು. ಹಿಂದೆ ಉಳಿದವರು ಯಾರೂ ಇರಲಿಲ್ಲ. ‘ಕಾರವಾರ, ಅಂಕೋಲೆಗಳಲ್ಲಿ ಕೆಲಕಾಲ ವೈದ್ಯರಾಗಿದ್ದರು’ ಎಂಬ ಸಾಲನ್ನು ನಾನೇ ಸೇರಿಸಿ ಅಚ್ಚಿಗೆ ಕಳಿಸಿದೆ. ಆ ಸಾಲಿನಲ್ಲಿ ತಪ್ಪೇನೂ ಇಲ್ಲ.

ಇಲ್ಲಿ ಅವರ ಹೆಸರು ಹಾಕುವುದಿಲ್ಲ. ನಾನು ಅವರನ್ನು ಬಲ್ಲ ಕಾಲದಲ್ಲಿ ಅಂಕೋಲೆಯ ಕಡೆ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹುಳದ ಡಾಕ್ಟರು ಎಂದರೆ ಸಾಕಿತ್ತು. ಈ ಬರಹದಲ್ಲಿ ಬರುವ ಉಳಿದ ಹಿರಿಯರೂ ಈಗ ಇಲ್ಲ. ಅವರೆಲ್ಲ ಇರುವಾಗ ಹೇಳಬಾರದಾಗಿದ್ದ ಒಂದು ಮಾತು ಇದರಲ್ಲಿದೆ. ಈಗ ಹೇಳಿದರೆ ಯಾರಿಗೂ ನೋವಾಗದು ಎಂದುಕೊಂಡಿದ್ದೇನೆ.

ಮೂವತ್ತರ ದಶಕದ ನಡುವಿನ ಮಾತು. ಕರನಿರಾಕರಣೆಯ ಗದ್ದಲ ತಣ್ಣಗಾಗಿತ್ತು, ಜಪ್ತಿಯಾದ ಗದ್ದೆಗಳ ಸಿಟ್ಟು ತಣ್ಣಗಾಗಿರಲಿಲ್ಲ. ನಾನು ಕಾರವಾರದ ಒಂದು ವಾರಪತ್ರಿಕೆಯ ಬಾತ್ಮೀದಾರ. ಒಂದು ಮಧ್ಯಾಹ್ನ ಅವರು ಜಾಹೀರಾತು ಕೊಡಲು ನಮ್ಮ ಕಚೇರಿಗೆ ಬಂದರು. ಎತ್ತರದ ಆಳು, ಮುಂದಕ್ಕೆ ಬಾಗಿದ ಕುತ್ತಿಗೆ, ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಗ್ಗಿ ಹಾಗೇ ಉಳಿದುಬಿಟ್ಟ ಬೆನ್ನು. ಮೈಯಿಂದ ಒಂದು ಸಿಹಿ ವಾಸನೆ ಬರುತ್ತಿತ್ತು. ಅತ್ತರು ಇರಬೇಕೆಂದು ಭಾವಿಸಿ ನನಗೆ ಸ್ವಲ್ಪ ನಗು ಬಂತು. ಅದು ಅವರ ಔಷಧದ ವಾಸನೆ ಎಂದು ತಿಳಿದದ್ದು ಆಮೇಲೆ.

ಜಾಹೀರಾತಿನಲ್ಲಿ ಹೀಗಿತ್ತು: ಮುಖ ಬಿಳಿಚಿಕೊಂಡು ಊದಿದವರು, ದಿಬ್ಬ ಹತ್ತಿದರೆ ಏದುಸಿರು ಬರುವವರು, ಮಣ್ಣು ತಿನ್ನುವ ಆಸೆಯಾಗುವವರು ಬಂದು ಕಾಣಬೇಕು, ಪರೀಕ್ಷೆ ಮತ್ತು ಔಷಧ ಪುಕ್ಕಟೆ.

ನಮ್ಮ ಸಂಪಾದಕರು ಕನ್ನಡಕದ ಮೇಲಿನಿಂದ ನೋಡಿ, “ಮಣ್ಣು ತಿನ್ನೋರು ಪತ್ರಿಕೆ ಓದ್ತಾರೇನ್ರೀ ಡಾಕ್ಟರೇ?” ಎಂದರು.

“ಓದೋರ ಮನೆ ಹಿಂದೆ ಇರ್ತಾರೆ. ಒಲೆ ಗೋಡೆ ಕೆರೆದು ತಿಂತಾರೆ. ಓದೋರಿಗೆ ಗೊತ್ತಿರೋದಿಲ್ಲ” ಎಂದರು ಇವರು. ಸಂಪಾದಕರು ಜಾಹೀರಾತು ಹಾಕಿದರು. ಅದರ ಬಗ್ಗೆ ಒಂದು ಲೇಖನ ತಾ ಎಂದು ನನ್ನನ್ನೂ ಅವರ ಹಿಂದೆ ಕಳಿಸಿದರು. ಆ ಒಂದು ಲೇಖನದ ನೆಪದಲ್ಲಿ ಹಿಂದೆ ಹೋದವನು ವರ್ಷಗಟ್ಟಲೆ ಹೋದೆ.

ಅವರು ಚಿತ್ತಾಕುಲದವರು, ಮನೆಮಾತು ಕೊಂಕಣಿ. ಮುಂಬಯಿಯಲ್ಲಿ ವೈದ್ಯಕೀಯ ಓದಿ ಅಲ್ಲಿನ ಒಂದು ಪ್ರಯೋಗಶಾಲೆಗೆ ಸೇರಿದ್ದರು. ಕರಾವಳಿಯ ರೈತರಲ್ಲಿ ಕೊಕ್ಕೆಹುಳು ಎಷ್ಟು ಮಂದಿಗಿದೆ, ಹಳ್ಳಿಯಲ್ಲಿ ಕೂತು ಅದನ್ನು ಸುಲಭವಾಗಿ ಪತ್ತೆ ಹಚ್ಚುವುದು ಹೇಗೆ, ಯಾವ ಔಷಧ ಎಷ್ಟು ಕೊಟ್ಟರೆ ಹೊರಗೆ ಬೀಳುತ್ತದೆ ಎಂದು ನೋಡಿ ವರದಿ ಕಳಿಸುವುದು ಅವರ ಕೆಲಸ. ಈ ಹುಳು ಮಣ್ಣಿನಲ್ಲಿ ಮರಿಯಾಗಿ, ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ಜ್ವರ ಬರುವುದಿಲ್ಲ, ಹೊಟ್ಟೆ ಹಿಡಿದುಕೊಂಡು ಹೊರಳಾಡುವಂಥದ್ದೂ ಇಲ್ಲ. ಮನುಷ್ಯ ವರ್ಷಗಟ್ಟಲೆ ಮೆಲ್ಲಗೆ ಬಿಳಿಚಿಕೊಳ್ಳುತ್ತಾನೆ. ಅಂಥ ರೋಗಕ್ಕೆ ಆಸ್ಪತ್ರೆಗೆ ಯಾರೂ ಬರುವುದಿಲ್ಲ. ‘ಸೋಮಾರಿ’ ಎಂಬ ಬೈಗುಳವೇ ಅರ್ಧ ಜಿಲ್ಲೆಯಲ್ಲಿ ಈ ರೋಗದ ಹೆಸರು ಎಂದು ಅವರು ಹೇಳುತ್ತಿದ್ದರು.

ಅವರು ಪರೀಕ್ಷೆ ಮಾಡುವ ಕ್ರಮ ಸರಳವಾಗಿತ್ತು. ಸಮುದ್ರದ ನೀರು ಆರಿಸುವ ಆಗರದ ಉಪ್ಪನ್ನು ನೀರಿನಲ್ಲಿ ಇನ್ನು ಕರಗದು ಎನ್ನುವವರೆಗೆ ಕರಗಿಸುವುದು. ರೋಗಿಯ ಮಲವನ್ನು ಅದರಲ್ಲಿ ಕಲಸಿ, ಬಟ್ಟಲಿನ ಬಾಯಿಗೆ ತಾಗುವಂತೆ ಗಾಜಿನ ಪಟ್ಟಿ ಇಡುವುದು. ಕಸ ಕೆಳಗೆ ಕೂರುತ್ತದೆ, ಹುಳದ ಮೊಟ್ಟೆ ಉಪ್ಪುನೀರಿನಲ್ಲಿ ತೇಲಿ ಗಾಜಿಗೆ ಅಂಟುತ್ತದೆ. ಮುಂಬಯಿಯಿಂದ ಸೋಸಿದ ಉಪ್ಪು ಬರುತ್ತಿತ್ತು. ಅದನ್ನು ಅವರು ಊಟಕ್ಕೆ ಬಳಸಿ, ನಮ್ಮ ಕಡೆಯ ಬೂದು ಬಣ್ಣದ ಉಪ್ಪನ್ನು ಪರೀಕ್ಷೆಗೆ ಬಳಸುತ್ತಿದ್ದರು. “ಈ ಹುಳಕ್ಕೂ ಈ ಉಪ್ಪಿಗೂ ಹಳೇ ಪರಿಚಯ” ಎನ್ನುತ್ತಿದ್ದರು.

ಮೊಟ್ಟೆ ಕಂಡ ಕೂಡಲೆ ಅವರ ಬಾಯಿಂದ ಕೊಂಕಣಿ ಹೊರಡುತ್ತಿತ್ತು. “ಪಳೆ, ಪಳೆ!” ನೋಡು, ನೋಡು ಎಂದು. ಎದುರಿಗಿದ್ದವರು ಯಾರೇ ಇರಲಿ, ರೋಗಿಯೇ ಇರಲಿ, ಕರೆದು ಕಣ್ಣಿಡಲು ಹೇಳುತ್ತಿದ್ದರು. ನಾನೂ ನೋಡಿದ್ದೇನೆ. ತೆಳುವಾದ ಪೊರೆಯೊಳಗೆ ನಾಲ್ಕು ಮುದ್ದು ಮುದ್ದು ಉಂಡೆಗಳು. ಚೆಂದವಾಗಿಯೇ ಇತ್ತು, ಹಾಗೆಂದೆ. “ಚೆಂದ ಇರೋದೇ ಕಷ್ಟ” ಎಂದರು.

ಊರೂರಿನಲ್ಲಿ ಮಾದರಿ ತರಿಸುವುದು ಮಾತ್ರ ಸರಳವಾಗಿರಲಿಲ್ಲ. ತೆಂಗಿನ ಗರಟೆಯಲ್ಲಿ ಬಾಳೆಲೆ ಮುಚ್ಚಿ ತರಬೇಕೆಂದು ಡಂಗುರ ಹೊಡೆಸಿದ್ದಾಯಿತು. ಕದ್ವಾಡದಲ್ಲಿ ಒಬ್ಬ ಯಜಮಾನ ಸಾಲಾಗಿ ಏಳು ಗರಟೆ ತಂದಿಟ್ಟ. ನೋಡಿದರೆ ಏಳರಲ್ಲಿಯೂ ಒಂದೇ ಬಗೆಯದು.

“ಏಳು ಜನರದ್ದೂ ಹೌದೇನಪ್ಪಾ?” ಎಂದು ಡಾಕ್ಟರು ಕೇಳಿದರು.

“ನಂದೇ ಒಡೆಯಾ, ಏಳು ಪಾಲು ಮಾಡ್ಕಂಡಿ ತಂದೆ. ಎಲ್ಲಾರೂ ತಿಂಬುದು ಒಂದೇ ಪಾತ್ರೆ ಗಂಜಿ. ಮತ್ತೆ ಇದು ಮಾತ್ರ ಬ್ಯಾರೆ ಬ್ಯಾರೆ ಹ್ಯಾಂಗೆ ಆಗ್ತದೆ?”

ಡಾಕ್ಟರು ನಗಲಿಲ್ಲ. ಅವನಿಗೆ ಕುರ್ಚಿ ಕೊಟ್ಟು, ಒಂದೇ ಗಂಜಿ ಕುಡಿದ ಏಳು ಹೊಟ್ಟೆಗಳಲ್ಲಿ ಬೇರೆ ಬೇರೆ ಸಂಸಾರ ಹೇಗೆ ನಡೆಯುತ್ತದೆ ಎಂದು ತಾಳ್ಮೆಯಿಂದ ಹೇಳಿದರು. ಅವನು ಎಲ್ಲ ಕೇಳಿ, “ಹಾಂಗಾದ್ರೆ ನನ್ನ ಹೆಂಡ್ತಿದು ನೀವೇ ಕೇಳಿ ಒಡೆಯಾ, ನಾ ಕೇಳುಕಾಗ” ಎಂದು ಎದ್ದು ಹೋದ. ಅವನು ಹೋದ ಮೇಲೆ ಅವರು ನಕ್ಕದ್ದು ನೋಡಬೇಕಿತ್ತು. ಆಗಿನ್ನೂ ಅವರು ನಗುತ್ತಿದ್ದರು.

ಗದ್ದೆಗೆ, ಬಯಲುಕಡೆಗೆಂದು ಬೇಣದ ಹುಲ್ಲುಗುಡ್ಡಕ್ಕೆ ಹೋಗುವಾಗ ಮೆಟ್ಟು ಹಾಕಿಕೊಳ್ಳಿ ಎಂದು ಹೇಳಿದರೆ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. “ಮೆಟ್ಟು ಹಾಕ್ಕಂಡಿ ಗದ್ದೆಗೆ ಇಳುದ್ರೆ ಭೂಮಿತಾಯಿ ಸುಮ್ನೆ ಬಿಡ್ತಾಳ್ಯಾ?” ಎಂದು ಒಬ್ಬಳು ಮುದುಕಿ ಕೇಳಿದ್ದಳು. ಇವರು ಹಟ ಹಿಡಿಯುತ್ತಿರಲಿಲ್ಲ. “ಸರಿ, ಗದ್ದೆಗೆ ಬೇಡ. ಬೇಣಕ್ಕೆ ಬೆಳಿಗ್ಗೆ ಹೋಗ್ತೀರಲ್ಲ, ಅಲ್ಲಿಗೆ ಹಾಕಿ. ಅಲ್ಲಿ ಭೂಮಿತಾಯಿ ಕಣ್ಣು ಮುಚ್ಚಿರ್ತಾಳೆ” ಎನ್ನುತ್ತಿದ್ದರು.

‘ವಾಸಿಯಾಯಿತು’ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಪತ್ರಿಕೆಗೆ ಬರೆಯುವಾಗ ಎಷ್ಟು ಜನ ವಾಸಿಯಾದರು ಎಂದು ಕೇಳಿದರೆ, “ಹುಳ ಬಿದ್ದಿದೆ ಅಂತ ಬರೆಯಿರಿ ಬಾತ್ಮೀದಾರರೇ. ಮಣ್ಣು ಅಲ್ಲೇ ಇದೆ, ಕಾಲೂ ಅಲ್ಲೇ ಇದೆ” ಎನ್ನುತ್ತಿದ್ದರು.

ಇನ್ನು ಬೊಬ್ರುವಾಡದ ಸಂಗತಿ.

ಅಂಕೋಲೆ ಪೇಟೆಗೆ ತಾಗಿದ ಆ ಊರಿನಲ್ಲಿ ದೇವಕಿ ಎಂಬ ವಿಧವೆಯಿದ್ದಳು. ಅವಲಕ್ಕಿ ಕುಟ್ಟಿ ಮನೆಮನೆಗೆ ಕೊಟ್ಟು ಜೀವನ ಮಾಡುತ್ತಿದ್ದಳು. ಅವಳ ಕೈಯ ಅವಲಕ್ಕಿ ಹೋಗದ ಮನೆ ಆ ಕೇರಿಯಲ್ಲಿರಲಿಲ್ಲ. ಅದೇ ಅವಳಿಗೆ ಮುಳುವಾಯಿತು. ಕೇರಿಯಲ್ಲಿ ಒಬ್ಬೊಬ್ಬರಾಗಿ ಬಿಳಿಚಿಕೊಂಡು ಕೂತಾಗ, ದೇವಕಿ ತಿಂಡಿಯಲ್ಲಿ ಮದ್ದು ಹಾಕುತ್ತಾಳೆ ಎಂಬ ಮಾತು ಹುಟ್ಟಿತು. ಊಟದಲ್ಲಿ ಗುಟ್ಟಾಗಿ ಏನೋ ಬೆರೆಸಿ ತಿನ್ನಿಸಿದರೆ ಅದು ಹೊಟ್ಟೆಯಲ್ಲಿ ಬೆಳೆದು ಮನುಷ್ಯನನ್ನು ಒಳಗಿಂದ ತಿನ್ನುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲ ಜಾತಿಯಲ್ಲೂ ಇದೆ. ಮಾತು ಹುಟ್ಟಿದ ಮೇಲೆ ಅವಳ ಅವಲಕ್ಕಿ ಯಾರಿಗೂ ಬೇಡವಾಯಿತು. ಮಗಳಿಗೆ ನಿಶ್ಚಯವಾಗಿದ್ದ ಗಂಡಿನ ಕಡೆಯವರು ಸುಮ್ಮನಾದರು.

ಮಾತು ಹುಟ್ಟಿಸಿದವಳು ಪಕ್ಕದ ಮನೆಯಲ್ಲೇ ಇದ್ದ ಅವಳ ಮೈದುನನ ಹೆಂಡತಿ ಸೋಮಿ. ಸೋಮಿಗೂ ಗಂಡನಿರಲಿಲ್ಲ, ಒಬ್ಬನೇ ಮಗ ಬೀರ. ಬೀರ ನೇಗಿಲು ಹಿಡಿಯಲಾರದಷ್ಟು ಸೋತು ಜಗಲಿಯ ಮೇಲೆ ಕೂತಿರುತ್ತಿದ್ದ. ಅಂಗಾಲು ತುರಿಸಿದಾಗ ಜಗಲಿಯ ಒರಟು ಕೆಂಪು ಚಿರೇಕಲ್ಲಿಗೆ ಹಚ್ಚಿ ಉಜ್ಜುತ್ತಿದ್ದ. ಕರ ಕರ ಎಂದು ಆ ಸದ್ದು ಬೀದಿಗೆ ಕೇಳುತ್ತಿತ್ತು. ಹುಳ ಒಳಗೆ ಹೋಗುವ ಜಾಗದಲ್ಲಿ ಏಳುವ ತುರಿ ಅದು. ಡಾಕ್ಟರು ಆ ಮನೆಯನ್ನು ಗುರುತು ಹಿಡಿದದ್ದು ಆ ಸದ್ದಿನಿಂದಲೇ.

ಬೀರನ ಮೈಯಲ್ಲಿ ರಕ್ತ ಕಡಿಮೆಯಿತ್ತು, ನಾಲಿಗೆಯಲ್ಲಿ ಬಲ ಕಡಿಮೆ ಇರಲಿಲ್ಲ. “ದೊಡ್ಡವ್ವಿ ಮದ್ದು ಹಾಕುದಾದ್ರೆ ಹಾಕ್ಲಿ ಒಡೆಯಾ, ಅವಲಕ್ಕಿಗೆ ಬೆಲ್ಲ ಒಂದು ಸ್ವಲ್ಪ ಹೆಚ್ಚು ಹಾಕು ಅಂತೆ ಹೇಳಿ” ಎಂದು ತಾಯಿಗೆ ಕೇಳುವ ಹಾಗೆ ಹೇಳಿದ. ಸೋಮಿ ಒಳಗಿಂದ, “ಬಾಯಿ ಮುಚ್ಚು ಹಾಳಾದವ್ನೇ” ಎಂದಳು.

ಡಾಕ್ಟರು ಮೊದಲು ಕೇರಿಯ ಬೇರೆ ಕೆಲವರಿಗೆ ಔಷಧ ಕೊಟ್ಟರು. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ, ಬಣ್ಣವಿಲ್ಲದ, ಸಿಹಿ ವಾಸನೆಯ ದ್ರವ. ಅದರ ಹಿಂದೆ ಭೇದಿಯ ಉಪ್ಪು. ಹೊರಗೆ ಬಿದ್ದ ಹುಳಗಳನ್ನು ಬಟ್ಟೆಯಲ್ಲಿ ತೊಳೆದು ಬಿಳಿಯ ತಟ್ಟೆಯಲ್ಲಿಟ್ಟು ಊರಗೌಡನ ಅಂಗಳದಲ್ಲಿ ಎಲ್ಲರಿಗೂ ತೋರಿಸಿದರು. ಕಂಡ ಮೇಲೆ ದೇವಕಿಯ ಮೇಲಿನ ಅಪವಾದ ತೊಲಗುತ್ತದೆ ಎಂಬುದು ಅವರ ಲೆಕ್ಕ. ಜನ ಬಗ್ಗಿ ನೋಡಿದರು. ದಾರದ ತುಂಡಿನಂಥ ಹುಳಗಳು.

“ಇದೇ ಅಲ್ದಾ ಅವ್ಳು ಹಾಕದ್ದು” ಎಂದ ಒಬ್ಬ. ಉಳಿದವರು ಹೌದು ಹೌದು ಎಂದರು.

ಆ ದಿನ ಅವರ ಮುಖ ನೋಡಿದವನು ನಾನು. ಮರುದಿನ ದೇವಕಿಯನ್ನೇ ಪರೀಕ್ಷೆಗೆ ಕರೆದರು. ಅವಳು ಗರಟೆ ತಂದಿಟ್ಟು ದೂರ ನಿಂತಳು. ಗಾಜಿಗೆ ಕಣ್ಣಿಟ್ಟವರು “ಪಳೆ” ಎನ್ನಲಿಲ್ಲ. ಗೌಡನನ್ನು ಕರೆದು ತೋರಿಸಿದರು. ಇಡೀ ಕೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಮೊಟ್ಟೆ ಅವಳದ್ದೇ ಮಾದರಿಯಲ್ಲಿತ್ತು.

“ತನ್ನ ಹೊಟ್ಟೆಗೆ ತಾನೇ ಮದ್ದು ಹಾಕ್ಕೊಳ್ತಾಳೇನ್ರೀ ಗೌಡ್ರೇ?”

ಗೌಡ ವಿಚಾರವಂತ. ಗಾಜಿನಿಂದ ಕಣ್ಣು ತೆಗೆದು ಹೇಳಿದ: “ಮಾಡ್ದವ್ರಿಗೇ ತಿರುಗೂದೂ ಇತ್ತು ಅಂತ್ರು ಒಡೆಯಾ. ನಾ ಹೇಳುದಲ್ಲ, ಜನ ಹೇಳುದು. ಒಂದು ಮಾಡ್ವ. ಬೀರ ಎದ್ದಿ ನೇಗಿಲ ಹಿಡಿಲಿ. ಹಿಡದ್ರೆ ದೇವಕಿ ಊರಲ್ಲಿರ್ಲಿ, ಯಾರೂ ಮಾತಾಡುಕಾಗ. ಇಲ್ದಿದ್ರೆ ಮಳೆ ಬೀಳುಕೆ ಮುಂಚೆ ಅವ್ಳು ಊರು ಬಿಡ್ಲಿ.”

ದೇವಕಿಗೆ ಹೋಗಲು ತವರಿನಲ್ಲಿ ಯಾರೂ ಇರಲಿಲ್ಲ. ಹೀಗೆ ಅವಳ ಮನೆ, ಮಗಳ ಮದುವೆ ಎಲ್ಲ ಬೀರನ ಹೊಟ್ಟೆಯ ಮೇಲೆ ನಿಂತವು. ಡಾಕ್ಟರು ಒಪ್ಪಿದರು. ಒಪ್ಪಬಾರದಿತ್ತೇನೋ ಎಂದು ಬಹಳ ಕಾಲದ ಮೇಲೆ ಒಮ್ಮೆ ಹೇಳಿದ್ದರು.

ಬೀರನಿಗೆ ಔಷಧ ಕೊಟ್ಟ ಬೆಳಿಗ್ಗೆ ನಾನಿದ್ದೆ. ಎರಡು ಸಲ ಹೇಳಿದರು, ಸೋಮಿಯ ಬಾಯಿಂದ ತಿರುಗಿ ಹೇಳಿಸಿದರು: ತುಪ್ಪ, ಎಣ್ಣೆ, ಕಾಯಿಹಾಲು ಮುಟ್ಟಬಾರದು. ಸರಾಯಿ ಅಂತೂ ಹನಿಯೂ ಕೂಡದು. ಬರೀ ತಿಳಿಗಂಜಿ.

“ತುಪ್ಪ ಎಲ್ಲಿತ್ತು ಒಡೆಯಾ ನಮ್ಮನೆಲಿ? ಬಿಡುಕೆ ಇದ್ರೆ ಅಲ್ದಾ ಬಿಡುದು” ಎಂದ ಬೀರ. ಔಷಧ ಕುಡಿದು, ಸಿಹಿಯೆಂದು ತುಟಿ ಚಪ್ಪರಿಸಿದ. ಕೇರಿಯಲ್ಲಿ ಆ ಬೆಳಿಗ್ಗೆ ಔಷಧ ಕುಡಿಯುವವರು ಇನ್ನೂ ಇದ್ದರು. ನಾವು ಮುಂದಿನ ಮನೆಗೆ ಹೋದೆವು.

ಮೂರನೆಯ ದಿನ ಬೀರನಿಗೆ ವಾಂತಿ ನಿಲ್ಲುತ್ತಿಲ್ಲ ಎಂದು ಹೇಳಿಕಳಿಸಿದಾಗ ಡಾಕ್ಟರು ಕಾರವಾರದಲ್ಲಿದ್ದರು. ಸಿಕ್ಕಿದ ಬಸ್ಸಿಗೆ ಇಬ್ಬರೂ ಹೊರಟೆವು. ಹೋಗಿ ನೋಡಿದರೆ ಅವನ ಕಣ್ಣು ಅರಿಸಿನವಾಗಿತ್ತು. ಮೂತ್ರ ಕಟ್ಟಿತ್ತು. ಆ ಸ್ಥಿತಿಯಲ್ಲೂ ಅಂಗಾಲನ್ನು ಗೋಡೆಗೆ ಉಜ್ಜುತ್ತಿದ್ದ.

“ಏನು ತಿನ್ನಿಸಿದಿರಿ ಸೋಮಿಬಾಯಿ?”

“ನೀವು ಹೇಳ್ದಾಂಗೇ ಒಡೆಯಾ. ದೇವ್ರಾಣೆ, ಗಂಜಿ ಬಿಟ್ರೆ ಎಂತದೂ ಇಲ್ಲ.”

“ಇನ್ನೇನು ಬಾಯಿಗೆ ಹಾಕಿದಿರಿ?”

“ಎಂತದೂ ಇಲ್ಲ. ಅವತ್ತೇ ಮಧ್ಯಾಹ್ನ ಗಾಂವಟಿ ಔಷಧ ಒಂದು ಕುಡ್ಸದೆ. ಅದು ಊಟ ಅಲ್ಲಲಾ.”

“ಯಾವುದರಲ್ಲಿ ಅರೆದು ಕೊಟ್ಟರು?”

“ಫೆಣಿಲಿ. ಮದ್ದು ತೆಗುಕೆ ಅದ್ರಲ್ಲೇ ಕೊಡುದು ಒಡೆಯಾ. ಒಂದು ಲೋಟ.” ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. “ಅದು ಸರಾಯಿ ಅಲ್ಲಲಾ ಒಡೆಯಾ. ಅದು ಔಷಧ ಅಲ್ದಾ?”

ಅವಳು ಸುಳ್ಳು ಹೇಳಿರಲಿಲ್ಲ. ಗೇರುಹಣ್ಣಿನ ಫೆಣಿಯನ್ನು ಸುಮ್ಮನೆ ಕುಡಿದರೆ ಸರಾಯಿ, ಅದರಲ್ಲಿ ಬೇರು ಅರೆದರೆ ಔಷಧ. ಅವರ ಮನೆಗಳಲ್ಲಿ ಇವೆರಡೂ ಬೇರೆ ಬೇರೆ ವಸ್ತುಗಳು. ಹುಳಕ್ಕೆ ಡಾಕ್ಟರದು, ಮದ್ದಿಗೆ ಹಳ್ಳಿಯ ಗಾಂವಟಿ ವೈದ್ಯನದು, ಯಾವುದು ನಾಟಿದರೂ ಮಗ ಉಳಿಯಲಿ ಎಂದು ಎರಡನ್ನೂ ಮಾಡಿದ್ದಳು. ಡಾಕ್ಟರು ಕೊಟ್ಟ ದ್ರವ ಮತ್ತು ಫೆಣಿ ಎರಡೂ ಒಂದೇ ದಿನ ಹೊಟ್ಟೆಗೆ ಹೋದರೆ ಯಕೃತ್ತು ಸುಟ್ಟುಹೋಗುತ್ತದೆ ಎಂದು ಅವಳಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಡಾಕ್ಟರು ನೀರು ಕೇಳಿ ಕೈ ತೊಳೆದರು. ತಮಗೆ ಗೊತ್ತಿದ್ದ ಉಪಚಾರವನ್ನೆಲ್ಲ ಮಾಡಿದರು. ಬೀರ ಉಳಿಯಲಿಲ್ಲ. ಕೊನೆಗೆ ಅವನು ಮಾತಾಡಿದ್ದು ದೊಡ್ಡವ್ವಿಯ ಹೆಸರು ಹಿಡಿದು ಅವಲಕ್ಕಿ ಕೇಳಿದ್ದು ಎಂದು ನೆರೆಯವರು ಹೇಳಿದರು. ಅದೂ ದೇವಕಿಯ ವಿರುದ್ಧ ಸಾಕ್ಷಿಯಾಯಿತು.

ಬೂದಿ ಎತ್ತಿದ ಮೇಲೆ ಗೌಡನ ಅಂಗಳದಲ್ಲಿ ಜನ ಸೇರಿದರು. ಅಷ್ಟರಲ್ಲಿ ಯಾರೋ ದೇವಕಿಯ ಒನಕೆಯನ್ನು ಮುರಿದು ಅವಳ ಅಂಗಳದಲ್ಲೇ ಎಸೆದಿದ್ದರು. ಅವಳೂ ಮಗಳೂ ತೆಂಗಿನ ಮರಕ್ಕೆ ಒರಗಿ ಕೂತಿದ್ದರು, ಪಕ್ಕದಲ್ಲಿ ಒಂದು ಗಂಟು. ಅಂದರೆ ಕಟ್ಟಿಕೊಂಡೇ ಬಂದಿದ್ದಳು. ಸೋಮಿ ಎದುರು ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಗೌಡ ಮಾತು ತೆಗೆಯುವ ಮುಂಚೆ ಡಾಕ್ಟರು ಎದ್ದು ನಿಂತರು. ನಾನು ಬರೆದುಕೊಂಡದ್ದು ಇಷ್ಟು: “ಬೀರ ಸತ್ತದ್ದು ನಾನು ಕೊಟ್ಟ ಔಷಧದಿಂದ. ದೇವಕಿಯ ಅವಲಕ್ಕಿಯಿಂದಲ್ಲ. ಬೇರೆ ಯಾರು ಏನು ಕೊಟ್ಟದ್ದರಿಂದಲೂ ಅಲ್ಲ. ನನ್ನ ಔಷಧ ಅವನಿಗೆ ಹೆಚ್ಚಾಯಿತು. ಸರಕಾರ ಕೇಳಿದರೂ ಇದನ್ನೇ ಹೇಳುತ್ತೇನೆ.”

ಸೋಮಿ ತಲೆಯೆತ್ತಿದಳು. “ಒಡೆಯಾ, ನಾ ಆ ಫೆ...”

“ಸೋಮಿಬಾಯಿ, ನೀವು ಸುಮ್ಮನಿರಿ.” ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. “ಔಷಧ ಕೊಟ್ಟವನು ನಾನು.”

ಅಂಗಳದಲ್ಲಿ ಗುಜುಗುಜು ಎದ್ದಿತು. ಯಾರೋ ಒಬ್ಬ ತೆಂಗಿನ ಮಡಲಿನ ತುಂಡು ಎಸೆದ, ಅದು ಅವರ ಹೆಗಲಿಗೆ ತಾಗಿತು. ಗೌಡ ಕೈಯೆತ್ತಿ ಸುಮ್ಮನಾಗಿಸಿ, ದೇವಕಿಯ ಕಡೆ ನೋಡದೆ ಹೇಳಿದ: “ಗಂಟು ಒಳ್ಗೆ ಇಡು ಹೋಗು.”

ಹಿಂದಿರುಗುವ ಬಸ್ಸಿನಲ್ಲಿ ನಾನು ಕೇಳಿದೆ. “ಫೆಣಿಯಿಂದ ಸತ್ತ ಅಂತ ಹೇಳಬಹುದಿತ್ತಲ್ಲ. ಅದು ನಿಜ.”

“ಹೇಳಿದ್ರೆ ಆ ತಾಯಿ ಎಲ್ಲಿ ಹೋಗಬೇಕು?”

“ನೀವು ಬೇಡ ಎಂದಿದ್ದಿರಿ. ಎರಡು ಸಲ ಹೇಳಿದಿರಿ.”

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. “ಚಿಕ್ಕಂದಿನಲ್ಲಿ ನಾನು ಬಡಕಲಾಗಿದ್ದೆ. ಯಾರೋ ಮದ್ದು ಹಾಕಿದ್ದಾರೆ ಅಂತ ನಮ್ಮ ಅಜ್ಜಿ ಬೇರು ತೇಯ್ದು ಕುಡಿಸಿದಳು. ಯಾವುದರಲ್ಲಿ ತೇಯ್ದಳು ಹೇಳಿ? ಫೆಣಿಯಲ್ಲಿ. ಗಂಟಲು ಉರಿದದ್ದು ಇನ್ನೂ ನೆನಪಿದೆ. ಮುಂಬಯಿಯಿಂದ ಬೇರೆ ಯಾವ ಡಾಕ್ಟರು ಬಂದಿದ್ದರೂ ಇದು ಗೊತ್ತಿರುತ್ತಿರಲಿಲ್ಲ, ನನಗೆ ಗೊತ್ತಿತ್ತು. ಇನ್ನೇನು ಕುಡಿಸ್ತೀರಿ ಅಂತ ಕೇಳಲಿಲ್ಲ. ಮುಂದಿನ ಮನೆಗೆ ಹೋದೆ. ಈಗ ನೀವೇ ಹೇಳಿ, ನಾನು ಅಂಗಳದಲ್ಲಿ ಹೇಳಿದ್ದು ಸುಳ್ಳಾ?”

ಸಭೆಯಲ್ಲಿ ಅವರು ಹೇಳಿದ್ದನ್ನು ನಾನು ಪತ್ರಿಕೆಯಲ್ಲಿ ಬರೆದೆ. ಬಸ್ಸಿನಲ್ಲಿ ಹೇಳಿದ್ದನ್ನು ಬರೆಯಬೇಡಿ ಎಂದರು, ಬರೆಯಲಿಲ್ಲ. ಮುಂಬಯಿಯವರು ಕೆಲಸ ನಿಲ್ಲಿಸಿ ಅವರನ್ನು ವಾಪಸು ಕರೆದರು. ಅವರು ಹೋಗದೆ ರಾಜೀನಾಮೆ ಕೊಟ್ಟು ಚಿತ್ತಾಕುಲದ ಮನೆಯಲ್ಲಿ ಕೂತರು.

ಆಮೇಲಿನ ವರ್ಷಗಳ ಅವರನ್ನು ಚಿತ್ರಿಸುವುದು ಕಷ್ಟ. ಮಾತು ಕಡಿಮೆಯಾಯಿತು. ‘ಇನ್ನೇನು ಬಾಯಿಗೆ ಹಾಕಿದಿರಿ?’ ಎಂಬ ಪ್ರಶ್ನೆ ಮಾತ್ರ ಚಟದಂತೆ ಅಂಟಿಕೊಂಡಿತು. ಅಪರೂಪಕ್ಕೆ ಬರುತ್ತಿದ್ದ ರೋಗಿಗೆ ಕೇಳುತ್ತಿದ್ದರು, ಅಂಚೆಯವನಿಗೆ ಕೇಳುತ್ತಿದ್ದರು, ಚಹಾ ಕುಡಿಯುತ್ತಾ ಕೂತ ನನಗೂ ಕೇಳುತ್ತಿದ್ದರು. ಯಾರಿಗಾದರೂ ಹುಳದ ಔಷಧ ಕೊಡುವುದೇ ಆದರೆ ಆ ದಿನವಿಡೀ ರೋಗಿಯ ಮನೆಯ ಜಗಲಿ ಬಿಟ್ಟು ಕದಲುತ್ತಿರಲಿಲ್ಲ. ಮನೆಯವರಿಗೆ ಬೇಸರವಾಗುತ್ತಿತ್ತು. ಸಂಜೆ ರೋಗಿಯ ಕಣ್ಣಿನ ರೆಪ್ಪೆ ಬಿಡಿಸಿ ಬಿಳಿ ನೋಡಿ, ಆಮೇಲೆ ಎದ್ದು ಹೋಗುತ್ತಿದ್ದರು. ತಮ್ಮ ಕೋಟನ್ನು ಎಷ್ಟು ಒಗೆಸಿದರೂ ಆ ಸಿಹಿ ವಾಸನೆ ಹೋಗಿಲ್ಲ ಎನ್ನುತ್ತಿದ್ದರು. ನಾನು ಮೂಸಿ ನೋಡಿದ್ದೇನೆ, ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಒಂದು ಸಂಜೆ ಅವರ ಜಗಲಿಯಲ್ಲಿ ಕೂತಿದ್ದೆವು. ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಗಾಳಿ. ಯಾವುದೋ ಮಾತಿನ ನಡುವೆ ಅವರು ತಟ್ಟನೆ ನಿಲ್ಲಿಸಿ ಮೆಟ್ಟಿಲ ಕಡೆ ನೋಡಿದರು. ಚಿರೇಕಲ್ಲಿನ ಮೆಟ್ಟಿಲು, ಖಾಲಿಯಿತ್ತು.

“ಕೇಳ್ತಾ?” ಎಂದರು.

“ಏನು?”

“ಕಾಲು ಉಜ್ಜೋದು.”

ನನಗೆ ಕೇಳಿಸಲಿಲ್ಲ. ಕೇಳಿಸಿತು ಎಂದು ಬರೆದರೆ ಬರಹಕ್ಕೆ ಒಂದು ಕಳೆ ಬಂದೀತು, ಆದರೆ ಕೇಳಿಸಲಿಲ್ಲ. ಅವರು ಎದ್ದು ಹೋಗಿ ಮೆಟ್ಟಿಲ ಮೇಲೆ ಕೈಯಾಡಿಸಿ ಬಂದು ಕೂತರು. ಅದು ದಿನವೂ ನಡೆಯುತ್ತದೆ ಎಂದು ಅಡುಗೆಯವಳು ಆಮೇಲೆ ನನಗೆ ಹೇಳಿದಳು. ಹಾಗೆ ಹೇಳುವಾಗ ಅವಳು ಅಂಗಳದಲ್ಲಿ ನಿಂತಿದ್ದಳು, ಮೆಟ್ಟಿಲು ಹತ್ತಲಿಲ್ಲ.

ಇಷ್ಟರಲ್ಲಿ ಅಂಕೋಲೆಯ ಕಡೆ ಮಾತು ತಿರುಗಿತ್ತು. ಬೀರ ಅವಲಕ್ಕಿಯಿಂದ ಸಾಯಲಿಲ್ಲ ಎಂದು ಜನ ಒಪ್ಪಿದ್ದರು. ಔಷಧ ಹೆಚ್ಚಾಗಿ ಸತ್ತ ಎಂಬುದು ಮಾತ್ರ ಅವರಿಗೆ ಸಾಲಲಿಲ್ಲ. ಹುಳದ ಡಾಕ್ಟರೇ ಹೊಟ್ಟೆಗೆ ಹುಳ ಹಾಕುತ್ತಾರಂತೆ, ಗರಟೆ ತರಿಸಿಕೊಂಡದ್ದು ಅದಕ್ಕೇ ಅಂತೆ, ಗಾಜಿನಲ್ಲಿ ಸಾಕುತ್ತಾರಂತೆ. ಅಂಕೋಲೆಯ ಚಹದಂಗಡಿಯಲ್ಲಿ ಒಮ್ಮೆ ಅವರ ಎದುರಿಗೆ ಕೂತವನು ತನ್ನ ಲೋಟದ ಮೇಲೆ ಅಂಗೈ ಮುಚ್ಚಿಕೊಂಡದ್ದನ್ನು ಕಂಡೆ. ಅವರೂ ಕಂಡರು. ಜೇಬಿನೊಳಗೆ ತಮ್ಮ ಕೈಗಳನ್ನು ಇಟ್ಟುಕೊಂಡರು. ಅಂದಿನಿಂದ ಪೇಟೆಯಲ್ಲಿ ಹಾಗೇ ನಡೆಯುತ್ತಿದ್ದರು.

ಆ ದಶಕದ ಕೊನೆಯಲ್ಲಿ, ನಾನು ಬೇರೆ ಊರಿನ ಪತ್ರಿಕೆಗೆ ಹೊರಡುವ ಮುಂಚೆ, ಬೊಬ್ರುವಾಡಕ್ಕೆ ಒಮ್ಮೆ ಹೋಗಿಬರೋಣ ಎಂದು ಅವರೇ ಕರೆದರು. ಬೆಳಗಿನ ಹೊತ್ತು. ಕೇರಿಯಲ್ಲಿ ನಮ್ಮನ್ನು ಯಾರೂ ಮಾತಾಡಿಸಲಿಲ್ಲ. ಸೋಮಿಯ ಮನೆಯ ಜಗಲಿ ಖಾಲಿ, ಅವಳು ಗದ್ದೆಗೆ ಹೋಗಿರಬೇಕು. ಆ ಜಗಲಿಯ ಮುಂದೆ ಅವರು ಸ್ವಲ್ಪ ಹೊತ್ತು ನಿಂತರು. ಮುಂದಿನ ಮನೆಯ ಅಂಗಳದಲ್ಲಿ ದೇವಕಿ ಅವಲಕ್ಕಿ ಕುಟ್ಟುತ್ತಿದ್ದಳು. ಒನಕೆ ಹೊಸದು. ಜಗಲಿಯ ಮೇಲೆ ಮನೆಮನೆಗೆ ಹೋಗಬೇಕಾದ ಅವಲಕ್ಕಿಯ ಸಣ್ಣ ಸಣ್ಣ ಗಂಟುಗಳು ಸಾಲಾಗಿದ್ದವು. ತವರಿಗೆ ಬಂದ ಮಗಳ ಮಗು ಅಲ್ಲೇ ಬರಿಗಾಲಿನಲ್ಲಿ ಆಡುತ್ತಿತ್ತು.

ಮಗು ನಮ್ಮನ್ನು ನೋಡಿ ನೇರ ಅವರ ಬಳಿಗೆ ನಡೆದು ಬಂತು. ಅವರ ಕಣ್ಣು ಅದರ ಕಾಲಿಗೆ ಹೋಯಿತು. ಬೆರಳ ಸಂದಿಯಲ್ಲಿ ಕೆಂಪಗೆ ತುರಿ ಎದ್ದಿತ್ತು. ಅವರು ಬಗ್ಗಿದರು, ಜೇಬಿನಿಂದ ಒಂದು ಕೈ ಹೊರಗೆ ಬಂತು.

ಒನಕೆ ನೆಲಕ್ಕೆ ಬಿತ್ತು. ದೇವಕಿ ಓಡಿಬಂದು ಮಗುವನ್ನು ಎತ್ತಿ ಸೆರಗಿನಲ್ಲಿ ಅದರ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿ ಅಗಳಿ ಎಳೆದ ಸದ್ದು ಕೇಳಿತು.

ನನಗೆ ತಡೆಯಲಾಗಲಿಲ್ಲ. “ಇವಳಿಗೋಸ್ಕರ...” ಎಂದೆ.

“ಗಂಟುಗಳನ್ನು ನೋಡಿದಿರಾ?” ಎಂದರು ಅವರು. “ಊರೆಲ್ಲ ತಿಂತಾ ಇದೆ. ಮಗಳ ಮದುವೆ ಆಯ್ತು, ಮಗು ಆಯ್ತು. ಊರು ಯಾರಿಗೆ ಹೆದರುತ್ತೋ ಅವರಿಗೆ ಅವಳೂ ಹೆದರ್ತಾಳೆ. ಊರಿನವಳಾದಳು, ಬಾತ್ಮೀದಾರರೇ.” ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. “ಮಗುವಿನ ಕಾಲು ಮಾತ್ರ ಯಾರಾದರೂ ನೋಡಬೇಕು. ಅಂಕೋಲೆ ದವಾಖಾನೆಯಲ್ಲಿ ನೀವೇ ಒಂದು ಮಾತು ಹೇಳಿ ಹೋಗಿ. ನನ್ನ ಹೆಸರು ಹೇಳಬೇಡಿ.”

ಬೀದಿಯ ತಿರುವಿನವರೆಗೆ ನಡೆದೆವು. ಅಲ್ಲಿ ಅವರು ನಿಂತರು, ಹಿಂದೆ ತಿರುಗದೆ ಕಿವಿಗೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಅಗಳಿ ತೆಗೆದ ಸದ್ದಾಯಿತು. ಆಮೇಲೆ ಒರಳಿನಲ್ಲಿ ಒನಕೆ ಬಿತ್ತು, ಮತ್ತೆ ಬಿತ್ತು.

“ಕೇಳ್ತಾ?” ಎಂದರು.

ಆ ಸಲ ನನಗೂ ಕೇಳಿಸಿತು.